ಎರಡು ಕಿಲೋ ಕಲೀಜ

ಖಲಂದರ್ ಕಲೀಜ ಅನ್ನುತ್ತಾನೆ.
ನನ್ನ ದಾಖಲೆ ಪುಸ್ತಕ ಯಕೃತ್ತು ಅನ್ನುತ್ತದೆ.
ಅವ್ವನ ಮುಂದೆ ನಾನು ಸ್ಯಾಂಪಲ್ ಅನ್ನುತ್ತೇನೆ,
ಲಿಂಗಪೂಜೆ ಮುಗಿಯುವ ತನಕ ಅದನ್ನೂ ಅನ್ನುವುದಿಲ್ಲ.

ಬಾಷಾ ನಗರದ ಮೂರನೇ ತಿರುವು, ಬೆಳಿಗ್ಗೆ ಆರು.
ಮೇಕೆಯದು ಇನ್ನೂ ಬಿಸಿ. ಥರ್ಮಾಕೋಲ್ ಪೆಟ್ಟಿಗೆಗೆ ಇಳಿಸುವಾಗ
ಹಬೆ ಏಳುತ್ತದೆ, ಆಗಷ್ಟೇ ಮುಚ್ಚಳ ತೆಗೆದ
ಅನ್ನದ ತಪ್ಪಲೆಯ ಹಾಗೆ.
ಅಶೋಕ ಟಾಕೀಸ್ ಗೇಟು ಬಿದ್ದಿದೆ. ಗೂಡ್ಸು ರೈಲು,
ಐವತ್ತೆಂಟು ಡಬ್ಬಿ. ಎಣಿಸುತ್ತೇನೆ.
ಮಡಿಲಲ್ಲಿ ಐಸು ಕರಗುವ ಸದ್ದು.

ತೋಳಹುಣಸೆಯಲ್ಲಿ ಅರೆಯುತ್ತೇನೆ, ಸೋಸುತ್ತೇನೆ,
ಉಪ್ಪು ಸುರಿದು ಕೆನೆಯಂಥದ್ದನ್ನು ತಳಕ್ಕಿಳಿಸುತ್ತೇನೆ.
ಸಣ್ಣ ಚೀಲದಲ್ಲಿ ಕಟ್ಟಿ ರಾತ್ರಿಯಿಡೀ ತಣ್ಣೀರಲ್ಲಿ ಬಿಟ್ಟರೆ
ಆ ಉಪ್ಪು ಹೇಳದೆ ಕೇಳದೆ ಹೊರಟುಹೋಗುತ್ತದೆ.
ಎರಡು ಸಲ ಕರೆಂಟು ಹೋಗಿ ಎಲ್ಲ ನಾರಿತು.
ಮೂರನೇ ಸಲಕ್ಕೆ ಉಳಿದದ್ದು
ಎರಡು ಕಿಲೋಗೆ ನಾಲ್ಕು ಮಿಲಿಗ್ರಾಂ,
ಜೆಲ್ಲಿನ ಮೇಲೆ ಒಂದೇ ಒಂದು ನೀಲಿ ಗೆರೆ,
ಯಾರೋ ಉಗುರಲ್ಲಿ ಗೀಚಿದಂತೆ.

ಉಸಿರಾಡುವುದೆಂದರೆ ಒಳಗೊಳಗೇ ತುಕ್ಕು ಹಿಡಿಯುವುದು
ಅಂತ ಗೈಡ್ ಹೇಳಿದ್ದರು. ಜೋಡಿ ತಪ್ಪಿದ ಕಣ
ಸಿಕ್ಕವರಿಂದ ಕಿತ್ತುಕೊಳ್ಳುತ್ತದೆ;
ತನ್ನದನ್ನು ಕೊಟ್ಟು ಸುಮ್ಮನಾಗಿಸುವವರು ಬೇಕು.
ಅಂಥವರನ್ನು ಹುಡುಕಲಿಕ್ಕೇ ಈ ನೇರಳೆ ನೀರು.
ಹನಿ ಬಿಟ್ಟೆ. ಅರ್ಧ ಗಂಟೆ ಕತ್ತಲಲ್ಲಿಟ್ಟೆ.
ಬದನೆ ಹೂವಿನ ಬಣ್ಣ ಇಳಿದಿಳಿದು
ಕಡಲೆಬೇಳೆ ನೆನೆಸಿದ ನೀರಾಗುತ್ತ ಬಂತು.
ಪೂರ್ತಿ ಅಲ್ಲ. ನೂರಕ್ಕೆ ಅರವತ್ತೆರಡು.
ಪಕ್ಕದ ನಳಿಕೆಯಲ್ಲಿ ಸಿ ವಿಟಮಿನ್ನು: ತೊಂಬತ್ತೊಂದು.

"ಅಂದ್ರೆ ನನ್ನ ಮೇಕೆ ನಿಂಬೆಹಣ್ಣಿಗೆ ಸೋತೋಯ್ತಾ?"
ಹೌದು ಅಂದೆ. ಇಬ್ಬರೂ ನಕ್ಕೆವು.
ತುಕ್ಕಿನ ಕತೆಯನ್ನೂ ಹೇಳಿದೆ.

ಖಲಂದರ್ ಮಾತಾಡಲಿಲ್ಲ. ಅಂಗಡಿ ಮುಚ್ಚುವ ಹೊತ್ತು.
ಬಿಳಿ ಕೊಬ್ಬಿನ ಚೂರೊಂದನ್ನು
ಚೂರಿಯ ಉದ್ದಕ್ಕೂ ಸವರಿದ, ಹಿಂದೆ, ಮುಂದೆ,
ಹಿಡಿಯ ಸಂದಿಗೂ ಬೆರಳು ತೂರಿಸಿ.
"ಅಬ್ಬಾ ಕಾಲದ್ದು. ಮೂವತ್ತು ಮಳೆಗಾಲ ಆಯ್ತು.
ನೋಡವ್ವಾ, ಒಂದು ಚುಕ್ಕಿ ಇದೆಯಾ?"

ಇರಲಿಲ್ಲ.

ಮನೆಗೆ ಬಂದರೆ ಅವ್ವ ಹಿತ್ತಲಲ್ಲಿ ಕೂತು
ಈಳಿಗೆಮಣೆಯ ತುಕ್ಕು ತಿಕ್ಕುತ್ತಿದ್ದಾಳೆ.
ವಾರಕ್ಕೊಂದು ಸಲ ಇದೇ ರಗಳೆ, ಹಾಳಾದ ಕಬ್ಬಿಣ,
ಎಷ್ಟು ತಿಕ್ಕಿದರೂ ಮತ್ತೆ ಬರ್ತದೆ, ನೀನೇನೋ ಓದ್ತೀಯಲ್ಲ
ಇದಕ್ಕೇನಾದರೂ ಇದೆಯಾ ನೋಡು ಅಂದಳು.

ಏನು ಸವರಬೇಕೆಂದು ನನಗೆ ಗೊತ್ತು.
ಬಾಯಿ ಬಿಡಲಿಲ್ಲ.
ಒಳಗೆ ಹೋಗಿ ಡಬ್ಬಿಯಿಂದ
ಹುಣಸೆಹಣ್ಣಿನ ಇನ್ನೊಂದು ಉಂಡೆ ತಂದುಕೊಟ್ಟೆ.