ಗೋಡೆಯಿಂದ ಎರಡು ಮೊಳ

ದಾದರಿನ ತರಬೇತಿ ಹಾಲಿನಲ್ಲಿ ಎರಡು ದಿನ
ಏಸಿಯ ಚಳಿಗೆ ಸೆರಗು ಹೊದ್ದು ಕಲಿತೆವು,
ಮಗುವಿನ ಮನಸ್ಸಿಗೆ ಪೆಟ್ಟು ಬಿದ್ದರೆ
ಮಾಸ್ತರರು ಏನು ಮಾಡಬೇಕು.
ಮರಾಠಿ, ಹಿಂದಿ, ಉರ್ದು, ಗುಜರಾತಿ, ತಮಿಳು,
ಕೊನೆಯ ಸಾಲಿನಲ್ಲಿ ಕನ್ನಡದವರು ಮೂರೇ ಜನ.
ಚಹಾ, ಬಟಾಟೆವಡೆ, ಒಂದೊಂದು ನೀಲಿ ಫೈಲು.
ಏಳುವ ಹೊತ್ತಿಗೆ ಸಾಹೇಬರೆಂದರು:
ಕೈಪಿಡಿಯನ್ನು ಅವರವರ ಭಾಷೆಗೆ ಅವರವರೇ ಮಾಡಿಕೊಳ್ಳಿ,
ಅದಕ್ಕೆ ಬೇರೆ ಅನುದಾನವಿಲ್ಲ.

ಹೀಗೆ ‘ರೆಸಿಲಿಯನ್ಸ್’ ಎಂಬ ಪದ
ನನ್ನ ಜೊತೆ ಲೋಕಲ್ ಹತ್ತಿತು,
ವಡಾಳಾವರೆಗೂ ನಿಂತೇ ಬಂತು.
ನಿಘಂಟು ಕೊಟ್ಟ ಅರ್ಥ: ಸ್ಥಿತಿಸ್ಥಾಪಕತ್ವ.
ಅದು ಏಳನೇ ಈಯತ್ತೆಯ ವಿಜ್ಞಾನ,
ರಬ್ಬರು, ಸ್ಪ್ರಿಂಗು, ಎಳೆದು ಬಿಟ್ಟರೆ
ಮೊದಲಿನಂತಾಗುವ ಗುಣ.
ಮೊದಲು ಅಂದರೆ ಯಾವ ಮೊದಲು?
ಪೆನ್ಸಿಲಿನಲ್ಲಿ ಬರೆದೆ, ಅಳಿಸಿದೆ.

ಸಾಬಣ್ಣ ಬಂದದ್ದು ಜುಲೈ ಕೊನೆಗೆ.
ಶಹಾಪುರದ ಕಡೆಯವರು, ಗಾರೆ ಕೆಲಸ.
ಕಟ್ಟಡದ ಕಂಪೌಂಡು ಗೋಡೆ ರಾತ್ರಿ ಎರಡಕ್ಕೆ
ಶೆಡ್ಡಿನ ಮೇಲೆ ಕೂತುಬಿಟ್ಟಿತು.
ತಂಗಿ ಗೋಡೆಯ ಮಗ್ಗುಲಿಗೆ,
ಇವನು ಬಾಗಿಲ ಮಗ್ಗುಲಿಗೆ.
ಅಷ್ಟೇ.
ಪರಿಹಾರದ ಚೆಕ್ಕು ಬಂತಂತೆ,
ತಾಯಿಯ ಹೆಸರಿಗೆ ಒಂದು ಒತ್ತು ತಪ್ಪಿತ್ತಂತೆ, ಮರಳಿ ಹೋಯಿತಂತೆ.

ಕ್ಲಾಸಿನಲ್ಲಿ ಅವನು ಕೂರಲಿಲ್ಲ.
‘ಇರ್ಲಿ ಬಿಡ್ರಿ ಬಾಯಿ, ನಿಂದುರ್ತೀನ್ರಿ.’
ಸೋಮವಾರ ನಿಂತ, ಮಂಗಳವಾರ ನಿಂತ,
ಖಿಚಡಿಯನ್ನೂ ನಿಂತೇ ಉಂಡ.
ನೀಲಿ ಫೈಲಿನ ಫಾರ್ಮಿನಲ್ಲಿ ಹದಿನಾಲ್ಕು ಕಲಮು:
ನಿದ್ದೆ, ಹಸಿವು, ಜಗಳ, ಹಾಸಿಗೆಯಲ್ಲಿ ಉಚ್ಚೆ...
ನಿಂತೇ ಇರುವುದಕ್ಕೆ ಕಲಮಿರಲಿಲ್ಲ.
ಮಕ್ಕಳ ಸಹಾಯವಾಣಿ ಹತ್ತು ಒಂಬತ್ತು ಎಂಟು
ಎಂದು ದಪ್ಪಕ್ಷರದಲ್ಲಿ ಬರೆಸಿದ್ದೆವು,
ಅವನು ಕಣ್ಣು ಕೀಳದೆ ನೋಡುತ್ತಿದ್ದ
ಅದೇ ಗೋಡೆಯ ಮೇಲೆ.

ಗುರುವಾರ ಕೌನ್ಸೆಲರ್ ಕೇತಕಿ ಪಾಧ್ಯೆ.
ಒಳ್ಳೆ ಹುಡುಗಿ, ಐವತ್ತು ಶಾಲೆಗೆ ಒಬ್ಬಳೇ,
ಛತ್ರಿಯಿಂದ ನೀರು ಸುರಿಯುತ್ತಿತ್ತು.
ಅವಳ ಮರಾಠಿಗೂ ಇವನ ಕನ್ನಡಕ್ಕೂ ನಡುವೆ
ಸ್ಟೂಲು ಹಾಕಿಕೊಂಡು ನಾನು.
ಮನೆ ಬಿಡಿಸು ಎಂದಳು. ಬಿಡಿಸಿದ:
ನಾಲ್ಕು ಬಿದಿರು, ಮೇಲೊಂದು ತಾಡಪತ್ರಿ,
ಸುತ್ತ ಏನೂ ಇಲ್ಲ.
ಯಾಕೋ ಎಂದು ಕೇಳಿದೆ.
‘ಗ್ವಾಡಿಗಿ ಕಣ್ಣಿಲ್ರಿ ಬಾಯಿ,
ಯಾರ್ ಮಕ್ಕೊಂಡಾರ ಅಂತ ಅದಕ್ಕ ಕಾಣಂಗಿಲ್ಲ.’

ಗೋಡೆಗೆ ಕಿವಿ ಇರುವ ಗಾದೆ
ಇಪ್ಪತ್ತೆರಡು ವರ್ಷದಿಂದ ಕಲಿಸಿದವಳು ನಾನು.
ಮರಾಠಿಯಲ್ಲಿ ಹೇಳಹೋದರೆ ಗಂಟಲು ಕಟ್ಟಿತು,
ಕೆಮ್ಮಿನ ನೆಪ ಮಾಡಿ ಹೇಳಿದೆ.
ಅವಳು ಬರೆದುಕೊಂಡಳು:
ಭಿಂತ್ ಎಂದೋ ಭೀತಿ ಎಂದೋ,
ತಲೆಕೆಳಗಾಗಿ ಓದಿದ ನನಗೆ ತಿಳಿಯಲಿಲ್ಲ.
ಮುಂದಿನ ಭೇಟಿ ಒಂದೂವರೆ ತಿಂಗಳಿಗೆ.

ಶನಿವಾರ ಶಿಪಾಯಿ ಗಂಗಾರಾಮನೂ ನಾನೂ
ಬೆಂಚನ್ನು ಎಳೆದೆವು,
ನನ್ನ ಕೈಯಳತೆಯಲ್ಲಿ ಗೋಡೆಯಿಂದ ಎರಡು ಮೊಳ.
ಸೋಮವಾರ ಅವನು ತುದಿಗೆ ಕೂತ,
ಕೂತನೆಂದರೆ, ಬೆಂಚಿಗೆ ಒರಗಿದ.
ಯಾರೂ ಹೇಳದೆ ಕಾಶವ್ವ ಎದ್ದು ಬಂದು
ಗೋಡೆಯ ಕಡೆಗೆ ಕೂತಳು,
ಎರಡೂ ಮೊಣಕೈ ಅಗಲಿಸಿ, ಜಾಗ ಹಿಡಿದಂತೆ.
‘ಬಿದ್ರ ಮೊದಲ ನನ್ ಮ್ಯಾಲ ಬೀಳ್ತೈತಿ,’ ಅಂದಳು,
‘ಅಷ್ಟರಾಗ ನೀ ಓಡು.’

ವರದಿಯಲ್ಲಿ ಬರೆದೆ:
ಕೈಗೊಂಡ ಕ್ರಮ: ಬೆಂಚು ಸರಿಸಲಾಗಿದೆ. ಖರ್ಚು: ಇಲ್ಲ.
ವಾರ್ಡು ಆಫೀಸಿನಿಂದ ಫೋನು,
ಖರ್ಚಿಲ್ಲದ್ದನ್ನು ಯಾವ ಶೀರ್ಷಿಕೆಯಡಿ ತೋರಿಸಲಿ ಬಾಯಿ?
ನಗು ಬಂತು. ಅವನಿಗೂ ಬಂದಿರಬೇಕು.
ಕಾಶವ್ವನ ವಿಷಯ ಬರೆದಿರಲಿಲ್ಲ,
ಮಕ್ಕಳು ಮಕ್ಕಳಿಗೆ ಕೊಟ್ಟದ್ದಕ್ಕೂ ಕಲಮಿಲ್ಲ.

ನಾಲ್ಕನೆಯ ಈಯತ್ತೆಯಲ್ಲಿ ಈಗ ಹನ್ನೊಂದು ಮಕ್ಕಳು.
ಜೂನಿಗೆ ಶಾಲೆ ಇರುತ್ತದೋ, ಇನ್ನೊಂದಕ್ಕೆ ಸೇರುತ್ತದೋ,
ಅಲ್ಲಿ ಬೆಂಚು ಯಾರು ಎಳೆಯುತ್ತಾರೋ.
ಕೈಪಿಡಿಯಲ್ಲಿ ಆ ಪದದ ಜಾಗ
ಅಳಿಸಿ ಅಳಿಸಿ ತೆಳ್ಳಗಾಗಿದೆ.

ಇವತ್ತು ಮಗ್ಗಿ ಕೇಳಿದೆ.
ಸಾಬಣ್ಣ ಕೂತೇ ಹೇಳಿದ,
ಏಳೆಂಟ್ಲ ಐವತ್ನಾಲ್ಕು ಎಂದ.
ಎಲ್ಲರಿಗೆ ಬೈದ ಹಾಗೆ
ಅವನಿಗೂ ಬೈದೆ.