ಐದನೇ ದಿನದ ನಳ

ಐದು ದಿನಕ್ಕೊಮ್ಮಿ ನಳ ಬರ್ತದ ನಮ್ಮ ವಾರ್ಡಿಗೆ,
ಮುಂಜಾನಿ ನಾಕಕ್ಕ, ನಾಯಿ ಸುದ್ದಾ ಮಲಗಿರೋ ಹೊತ್ತಿನ್ಯಾಗ.
ಅದರ ಬೆನ್ನಿಗೇ ನಾನು:
ಕೈಚೀಲದಾಗ ಹನ್ನೆರಡು ಶೀಶೆ, ಒಂದು ವಹಿ,
ತುರುಬಿಗೆ ಸಿಗಿಸಿದ ಪೆನ್ನು.

ಶಹಾಬಜಾರಿನ ಹಿಂದಿನ ಗಲ್ಲಿಯೊಳಗ
ಗಟಾರ ಆ ಕಡೆ, ಪೈಪು ಈ ಕಡೆ
ಅಂತದ ನಕಾಶೆ.
ನೆಲದಾಗ ಇಬ್ಬರದೂ ಒಂದೇ ಹಾಸಿಗಿ.

ಚಾಂದಬಿ ತಂಬಿಗಿ ಮುಂದ ಮಾಡಿದಳು:
"ಮೊದಲು ನೀ ಕುಡಿ, ಆಮ್ಯಾಲ ನಿನ್ನ ಶೀಶೆಗೆ ಕುಡಸು."
ಪರೀಕ್ಷೆ ಮಾಡೋ ನೀರು ಕುಡೀಬಾರದು
ಅಂತ ತರಬೇತಿಯಾಗ ಹೇಳ್ಯಾರ.
ಕೊಟ್ಟ ನೀರು ಒಲ್ಲೆ ಅನ್ನೋದು ಹ್ಯಾಂಗಂತ ಹೇಳಿಲ್ಲ.
ಕುಡಿದೆ. ತಣ್ಣಗಿತ್ತು, ಸವಿಯಿತ್ತು.

ಹನಿ ಹಾಕಿ ಅಲುಗಿಸಿದರ ಹಳದಿ ಏರಲಿಲ್ಲ.
ಟಾಕಿಯಿಂದ ಕ್ಲೋರಿನ್ ಹೊರಟಿದ್ದು ಖರೇ,
ಹಾದ್ಯಾಗ ಎಲ್ಲಿ ಖರ್ಚಾಯ್ತೋ.

ಹೋದ ವಾರ ವಾಂತಿ-ಭೇದಿ: ಎರಡು.
ಈ ವಾರ: ಏಳು.
ಏಳರೊಳಗ ಒಂದು, ಕಾಶಿಬಾಯಿ ಮೊಮ್ಮಗ.
ನನ್ನ ಶೀಶೆ ಎಣಿಸಿ ಕೊಡತಿದ್ದ,
ಯಾವಾಗಲೂ ಹನ್ನೆರಡಕ್ಕ ಹದಿಮೂರು ಅಂತಿದ್ದ.
ಈಗ ದವಾಖಾನಿ ಕಾಟಿನ ಮ್ಯಾಲ
ಸಲಾಯಿನ್ ಹನಿ ಎಣಿಸ್ತಾನಂತ.
ವಹಿಯಾಗ ವಯಸ್ಸಿಗೊಂದು ಮನಿ ಅದ, ಲಿಂಗಕ್ಕೊಂದು ಅದ.
ಹದಿಮೂರಕ್ಕ ಇಲ್ಲ.

ಶೀಶೆ ಬೆಚ್ಚಗಿಡೋ ಯಂತ್ರ ನಮ್ಮ ಕೇಂದ್ರಕ್ಕ ಬಂದಿಲ್ಲ.
ಬೇಕೂ ಇಲ್ಲ, ಕಲಬುರಗಿ ಏಪ್ರಿಲ್ ಅದ.
ಕಪಾಟಿನಾಗಿಟ್ಟು ಎರಡು ರಾತ್ರಿ ಕಾದೆ,
ನನ್ನ ಹೊಟ್ಟಿ ಮ್ಯಾಲ ಕೈ ಇಟ್ಟುಕೊಂಡು.

ಮೂರನೇ ಮುಂಜಾನಿ
ಹನ್ನೆರಡರೊಳಗ ಒಂಬತ್ತು
ಒಲಿ ಮ್ಯಾಲಿನ ಗಡಗಿ ತಳದಂಗ ಕಪ್ಪ.
ನನಗೇನೂ ಆಗಲಿಲ್ಲ. ಅದಕ್ಕೂ ನಾಚಿಕಿ ಬಂತು.

ಲೈನಮನ್ ಮಾಳಪ್ಪ ಅಗೆದು ತೋರಿಸಿದ,
ಕೂದಲೆಳಿಯಷ್ಟು ಒಡಕು.
"ನೀರು ಜೋರಿದ್ದಾಗ ಪೈಪು ಹೊರಗ ಉಗುಳ್ತದ, ಅಕ್ಕಾ.
ಜೋರು ಇಳಿದ ಮ್ಯಾಲ ಮಂದಿ ಮೋಟಾರ ಹಚ್ಚಿ ಜಗ್ತಾರ,
ಆವಾಗ ಅದು ಉಸರು ಒಳಗ ತಗೋತದ."
ಏನನ್ನು ಅಂತ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.
ಗಟಾರ ಅಲ್ಲೇ ಇತ್ತು.

ಬಾಗಿಲ ಬಾಗಿಲಿಗೆ ನಿಂತು ಹೇಳಿದೆ:
ಕುದಿಸಿ ಆರಿಸಿ ಕುಡೀರಿ, ಮೋಟಾರ ಬಂದ್ ಇಡ್ರಿ.
ಗುಳಿಗಿ ಹಂಚಿದೆ, ಬಾವಲಾಗಿ ಒಣಗಿದ ನಾಲಿಗಿಗೆ
ಉಪ್ಪು-ಸಕ್ಕರಿ ಪುಡಿ ಹಂಚಿದೆ.
ಎಲ್ಲಾ ಕೇಳಿ ಚಾಂದಬಿ ಒಂದೇ ಮಾತಂದಳು:
"ನಿಮ್ಮ ಮನ್ಯಾಗ?"

ಮುಂದಿನ ನಳದ ದಿನ
ಹದಿಮೂರನೇ ಶೀಶೆ ನಮ್ಮ ಬಚ್ಚಲದಾಗ ತುಂಬಿದೆ.
ಮಗ್ಗಲಕ್ಕ ಗೋಣಿತಟ್ಟು ಮುಚ್ಚಿದ್ದ ಮೋಟಾರು
ಮುಟ್ಟಿದರ ಇನ್ನಾ ಬೆಚ್ಚಗಿತ್ತು.