ಓಟಿಪಿ ಹೇಳಿ

ಐದು ಇಪ್ಪತ್ತರ ನಸುಕು. ತೊಡೆಯ ಮೇಲೆ ಐಸಿನ ಡಬ್ಬಿ,
ಅದರೊಳಗೆ ಖಾಲಿ ಟ್ಯೂಬು, ಕೆಂಪು ಮುಚ್ಚಳ, ನೇರಳೆ ಮುಚ್ಚಳ.
ರಾತ್ರಿಯಿಂದ ಉಪವಾಸ ಕೂತವರ ಮನೆಗೆ ಹೋಗಿ
ರಕ್ತ ತರುವುದು ನನ್ನ ಕೆಲಸ.
ಜಮಖಂಡಿಯಿಂದ ಬಂದು ಹನ್ನೊಂದು ದಿನ.
ಈ ಊರು ನನ್ನನ್ನು ಮೊದಲು ಕೇಳಿದ್ದು ಹೆಸರಲ್ಲ,
ನಾಲ್ಕು ಅಂಕಿ.

ಅಂಕಿ ಆದಮೇಲೆ ಮಾತು.
ಮುನಿವೆಂಕಟಪ್ಪನ ಆಟೋ ಎಡಕ್ಕೆ ವಾಲುತ್ತದೆ,
ಮಾತು ತೆಲುಗಿಗೆ.
'ಆ ಮ್ಯಾಪಮ್ಮ ಹೇಳೋದು ಕೇಳ್ಬೇಡಿ,
ಅವಳು ಹುಟ್ಟೋಕ್ ಮುಂಚೆ ಈ ದಾರಿ ತುಳಿದಿದ್ದು ನಮ್ಮಪ್ಪನ ಎತ್ತು.
ಇದು ಕೋಡಿ. ಇಲ್ಲಿ ನೀರು ಹರೀತಿತ್ತು.
ಈಗ್ಲೂ ಹರೀತದೆ, ಮಳೆ ಬಂದಾಗ ನೋಡಿ,
ನೀರು ಅಡ್ರೆಸ್ ಮರೆಯಲ್ಲ.'
ಸ್ಯಾಂಪಲ್ಲಿನ ಚೀಟಿಯ ಹಿಂದೆ ಬರೆದುಕೊಂಡೆ:
ಅಗರ ದಾಟಿ ಎಡಕ್ಕೆ, ಕೋಡಿ.

ನಯಾಜ್ ನನ್ನ 'ರೀ' ಕೇಳಿ ನಕ್ಕ.
'ನಿಮ್ಮ ಕಡೆ ಬೈದ್ರೂ ರೀ ಹಾಕಿ ಬೈತಾರಂತೆ, ಹೌದಾ?'
ಹೌದ್ರೀ, ಅಂದೆ.
ಅವನ ಊರು ಟ್ಯಾನರಿ ರೋಡು. ಅಜ್ಜನ ಊರೂ ಅದೇ.
'ಬೆಂಗಳೂರಲ್ಲಿ ಬೆಂಗಳೂರವರೇ ಇಲ್ಲ ಅಂತಾರಲ್ಲ ಮೇಡಂ,
ಒಬ್ಬ ಇದೀನಿ, ಫೋಟೋ ತಗೊಳ್ಳಿ.'
ಮಧ್ಯಾಹ್ನದ ಸಿಗ್ನಲ್ಲು, ನೂರಾ ಎಂಬತ್ತು ಸೆಕೆಂಡು;
ಅಷ್ಟರಲ್ಲಿ ತಂಗಿಯ ನಿಕಾಹ್ ಮುಗಿಸಿ,
ಬಿರಿಯಾನಿಗೆ ಉಪ್ಪು ಹೆಚ್ಚಾದದ್ದು ಯಾರ ತಪ್ಪೆಂದು ತೀರ್ಮಾನಿಸಿ,
ಮೂರು ಸೆಕೆಂಡು ಉಳಿಸಿದ.

ಎಲ್ಲರೂ ಹೀಗಲ್ಲ. ಒಬ್ಬ
ಮದುವೆ ಆಗಿದೆಯಾ ಎಂದು ಮೂರು ಸಲ ಕೇಳಿದ.
ಮೂರು ಸಲವೂ ಬೇರೆ ಉತ್ತರ ಕೊಟ್ಟೆ.

ಜಯಶೀಲಾ ಮೊದಲು ಮಾತೇ ಆಡಲಿಲ್ಲ.
ಡಬ್ಬಿ ನೋಡಿದಳು, ನನ್ನ ಚಪ್ಪಲಿ ನೋಡಿದಳು.
'ದಿನಾ ಹೊರಗೇ ಇರ್ತೀರಾ? ಹಾಗಾದ್ರೆ ಇದನ್ನ ಮೊದ್ಲು ತಿಳ್ಕೊಳ್ಳಿ'
ಎಂದು ಬೆರಳು ಮಡಚಿದಳು:
ಯಾವ ಪೆಟ್ರೋಲ್ ಬಂಕಿನ ಚಿಲಕ ಸರಿಯಿದೆ,
ಯಾವ ಆಸ್ಪತ್ರೆಯ ನೆಲಮಹಡಿಯಲ್ಲಿ ಯಾರೂ ತಡೆಯುವುದಿಲ್ಲ,
ಯಾವ ಸ್ಟೇಷನ್ನಿನ ನಲ್ಲಿಯಲ್ಲಿ ನೀರು ಬರುತ್ತದೆ,
ಯಾವ ವಾಚ್‌ಮನ್ನನ್ನು ಅಣ್ಣ ಎಂದರೆ ಬೀಗದ ಕೈ ಕೊಡುತ್ತಾನೆ.
ವಿಧಾನಸೌಧದ ಮುಂದೆಯೇ ಹಾದೆವು,
ಅವಳು ತೋರಿಸಲಿಲ್ಲ, ನಾನೂ ತಿರುಗಲಿಲ್ಲ.
ಇಷ್ಟು ಉಪಯೋಗದ ನಕ್ಷೆ
ನನಗೆ ಯಾವ ಊರೂ ಕೊಟ್ಟಿರಲಿಲ್ಲ.

ಒಮ್ಮೆ ಫೋನಿನಲ್ಲಿ ಬಂತು:
ನಿಮ್ಮ ಚಾಲಕರಿಗೆ ಕಿವಿ ಕೇಳಿಸುವುದಿಲ್ಲ.
ಹೆಸರು ಅಂತೋಣಿಸ್ವಾಮಿ. ಅಂಕಿಗಳನ್ನು ಬೆರಳಲ್ಲಿ ಹೇಳಿದೆ.
ಇವತ್ತು ಸುಮ್ಮನಿರಬಹುದು, ಅಂದುಕೊಂಡೆ.
ಕಾಕ್ಸ್ ಟೌನಿನ ತಿರುವಿನಲ್ಲಿ ಕನ್ನಡಿಯೊಳಗೆ ನನ್ನನ್ನು ಹಿಡಿದು
ಮೂಗು ಮುಟ್ಟಿಕೊಂಡ, ಗಾಳಿಯಲ್ಲಿ ಏನನ್ನೋ ಮುರಿದ.
ನನಗೆ ತಿಳಿಯಲಿಲ್ಲ. ನಾಲ್ಕೂ ಕಿಟಕಿ ಇಳಿಸಿದ.
ಬ್ರೆಡ್ಡು.
ಆಗ ತಾನೇ ಒಲೆ ಬಿಟ್ಟ ಬ್ರೆಡ್ಡಿನ ವಾಸನೆ, ಕಾರಿನ ತುಂಬ,
ಉಪವಾಸದವರ ರಕ್ತದ ಡಬ್ಬಿಯ ಸುತ್ತ.
ಅವನು ಹೆಬ್ಬೆರಳೆತ್ತಿದ,
ಬೇಕರಿ ತನ್ನದೇ ಎಂಬ ಹಾಗೆ.

ಈ ಸಲದ ಶ್ರಾವಣಕ್ಕೆ ಒಂದು ವರ್ಷ ತುಂಬಿತು.
ನಿನ್ನೆ ಬಂದವನು ಹಣಮಂತ್ರಾಯ, ಸುರಪುರದ ಹುಡುಗ,
ಸೀಟಿನ ಪ್ಲಾಸ್ಟಿಕ್ಕು ಇನ್ನೂ ಬಿಚ್ಚಿಲ್ಲ.
'ಅಕ್ಕಾರ, ನಾ ಬಂದು ನಾಕೇ ದಿನ ಆಯ್ತ್ರೀ.
ಯಾವ ಕಡೀಂದ ಹೋಗ್ಲಿ?'
ಮೋಡ ಕವಿದಿತ್ತು. ಬಾಯಿ ತಾನಾಗಿ ತೆರೆಯಿತು:
'ಎಡಕ್ಕ ಬ್ಯಾಡ. ಅದು ಕೋಡಿ ಐತಿ.
ಮಳಿ ಬಂದ್ರ ನೀರು ನಿಂದ್ರತೈತಿ.'
ಬಗ್ಗಿ ನೋಡಿದ. ಗಾಜಿನ ಕಟ್ಟಡ, ಚಹಾದ ಗೂಡು,
ಹೆಲ್ಮೆಟ್ ಮಾರುವವನ ಕೊಡೆ.
'ಎಲ್ಲದ ರೀ ಕೋಡಿ?'

ನಾನೂ ನೋಡಿರಲಿಲ್ಲ.
ಎತ್ತನ್ನೂ ನೋಡಿರಲಿಲ್ಲ.
'ಐತಿ' ಅಂದೆ, ಡಬ್ಬಿಯನ್ನು ಒತ್ತಿ ಹಿಡಿದು.

ಅವನು ನಂಬಿ ಬಲಕ್ಕೆ ಹೊಳ್ಳಿಸಿದ.
ಮ್ಯಾಪಮ್ಮ ಎಡಕ್ಕೆ, ಎಡಕ್ಕೆ
ಎನ್ನುತ್ತಲೇ ಇದ್ದಳು.